ಬೇರ್ನ್ ಮನೆಯ ಗೋರಿಯಲ್ಲಿ ಒಬ್ಬಳು ಕಡಿಮೆ

ನನ್ನ ಅತ್ತಿಗೆ ಅಟ್ರಾಕ್ಟಾ ಬೇರ್ನ್ ಮನುಷ್ಯರನ್ನು ಅವರ ಮನೆ ನೋಡಿ ಅಳೆಯುವವಳಲ್ಲ, ಗೋರಿ ನೋಡಿ ಅಳೆಯುವವಳು. ಬದುಕಿರುವಾಗ ಯಾರು ಬೇಕಾದರೂ ಅಂಗಳ ಗುಡಿಸಿಕೊಂಡಾರು, ಅದರಲ್ಲೇನು ಹೆಚ್ಚುಗಾರಿಕೆ ಎನ್ನುವುದು ಅವಳ ವಾದ. ಸತ್ತವರ ಮೇಲೆ ಹುಲ್ಲು ಬೆಳೆಯಲು ಬಿಟ್ಟವರನ್ನು ಅವಳು ಅಂಗಡಿಯಲ್ಲಿ ಎದುರಿಗೆ ಕಂಡರೂ ಮಾತಾಡಿಸುವುದಿಲ್ಲ. ಹರೆಯದಲ್ಲಿ ಒಬ್ಬ ಅವಳನ್ನು ಕೇಳಿಕೊಂಡು ಬಂದಿದ್ದ. ಜಮೀನಿತ್ತು, ಹಲ್ಲು ನೆಟ್ಟಗಿದ್ದವು, ಕುಡಿತ ಮಿತಿಯಲ್ಲಿತ್ತು. ಅಟ್ರಾಕ್ಟಾ ಸೈಕಲ್ ಹತ್ತಿಕೊಂಡು ಹೋಗಿ ಅವರ ಮನೆಯವರ ಗೋರಿ ನೋಡಿ ಬಂದು, "ಮೊಣಕಾಲುದ್ದ ಹುಲ್ಲು" ಎಂದಳು. ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ, ಬರುವವರು ಮೊದಲು ಹುಲ್ಲು ಕತ್ತರಿಸಬೇಕಾಗುತ್ತದೆ ಎಂದು ಸುದ್ದಿಯಾಗಿತ್ತು.

ನಾನು ಮದುವೆಯಾದದ್ದು ಅವಳ ತಂಗಿ ಡಿಂಪ್ನಾಳನ್ನು. ಡಿಂಪ್ನಾ ಇಂಥ ಪರೀಕ್ಷೆ ಇಡುವವಳಲ್ಲ, ಅದು ನನ್ನ ಅದೃಷ್ಟ. ಅವಳು ತೀರಿಕೊಂಡ ಮೇಲೆ ಅಟ್ರಾಕ್ಟಾ ಎಲ್ಲಿಗೆ ಹೋಗಬೇಕಾದರೂ ನನ್ನ ವ್ಯಾನೇ ಗತಿ. ನನ್ನ ಹಾರ್ಡ್‌ವೇರ್ ಅಂಗಡಿ ಮುಚ್ಚಿತು, ವ್ಯಾನು ಉಳಿಯಿತು, ನಾನೂ ಉಳಿದೆ. ಅವಳು ಪಟ್ಟಣದ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವ ಕೆಲಸ ಮಾಡಿ ನಿವೃತ್ತಳಾದವಳು. ರಾಸ್ಕಾಮನ್ ಕೌಂಟಿಯ ಅರ್ಧ ಜನರ ಕೋಟಿನ ಮೇಲೆ ಯಾವ ಯಾವ ಕಲೆ ಬಿದ್ದಿತ್ತು ಎಂದು ಅವಳಿಗೆ ಗೊತ್ತು. ಯಾರಿಗೂ ಹೇಳಿದವಳಲ್ಲ. ಮುಖ ನೋಡಿದರೆ ಸಾಕು, ನಮಗೇ ನೆನಪಾಗುತ್ತಿತ್ತು.

ನಮ್ಮ ಕ್ಲೂನ್‌ಶಾನಿನಲ್ಲಿ ಜುಲೈ ತಿಂಗಳ ಮೂರನೇ ಭಾನುವಾರ ಸಮಾಧಿ ಭಾನುವಾರ. ಅಂದು ಪೂಜೆ ನಡೆಯುವುದು ಸ್ಮಶಾನದಲ್ಲೇ. ಪ್ರತಿ ಮನೆಯವರೂ ತಮ್ಮ ತಮ್ಮ ಗೋರಿಯ ಬಳಿ ನಿಲ್ಲಬೇಕು, ಫಾದರ್ ಸಾಲು ಸಾಲಾಗಿ ಬಂದು ತೀರ್ಥ ಚಿಮುಕಿಸುತ್ತಾರೆ. ಡಬ್ಲಿನ್ನಿನಿಂದ, ಇಂಗ್ಲೆಂಡಿನಿಂದ ಜನ ಬರುತ್ತಾರೆ. ಯಾರ ಗೋರಿಯ ಬಳಿ ಯಾರು ನಿಂತಿದ್ದಾರೆ, ಯಾರು ನಿಂತಿಲ್ಲ ಎಂದು ನೋಡಲು ನಾವು ಹೋಗುತ್ತೇವೆ. ಪ್ರಾರ್ಥನೆಯೂ ಇರುತ್ತದೆ. ಅದಕ್ಕೆ ಮುಂಚಿನ ವಾರವಿಡೀ ಊರಿಗೆ ಊರೇ ಬಕೆಟ್ಟು ಬ್ರಷ್ಷು ಹಿಡಿದು ಕಲ್ಲು ತಿಕ್ಕುತ್ತದೆ, ಬಿಳಿ ಜಲ್ಲಿ ತೊಳೆಯುತ್ತದೆ. ಆ ವಾರ ಅಟ್ರಾಕ್ಟಾ ಸ್ಮಶಾನದ ಸಾಲುಗಳಲ್ಲಿ ಕೈ ಹಿಂದೆ ಕಟ್ಟಿಕೊಂಡು ನಡೆಯುವುದನ್ನು ನೋಡಿದರೆ, ದೊಡ್ಡ ದೊಡ್ಡ ಗಂಡಸರೂ ಬಗ್ಗಿ ಇಲ್ಲದ ಕಳೆ ಕೀಳುತ್ತಿದ್ದರು.

ಹೀಗೆ ನಡೆಯುವಾಗಲೇ ಒಂದು ವರ್ಷ ಅವಳು ಒಂದು ಕೆಲಸ ಮಾಡಿದಳು. ಕನ್ಸೆಪ್ಟಾ ಬ್ರೆಹನಿ ಎಂಬವಳು, ನಮಗಿಂತ ಕೆಲವು ವರ್ಷ ದೊಡ್ಡವಳು, ಅಟ್ರಾಕ್ಟಾಳ ಮನೆಯ ಮುಂದಿನ ರಸ್ತೆ ದಾಟಿದರೆ ಅವಳ ಮನೆ, ಆ ಬೇಸಿಗೆಯಲ್ಲಿ ಸೊಂಟದ ಆಪರೇಷನ್ ಆಗಿ ಮಲಗಿದ್ದಳು. ಬ್ರೆಹನಿಗಳ ಗೋರಿಕಲ್ಲು ಪಾಚಿ ಕಟ್ಟಿ ಹಸಿರಾಗಿತ್ತು. ಅಟ್ರಾಕ್ಟಾಳಿಗೆ ನೋಡಲಾಗಲಿಲ್ಲ. ಯಾರನ್ನೂ ಕೇಳದೆ ಬ್ಲೀಚ್ ಸುರಿದು ತಿಕ್ಕಿದಳು. ಪಾಚಿ ಹೋಯಿತು, ಜೊತೆಗೆ ಅಕ್ಷರಗಳಿಗೆ ತುಂಬಿದ್ದ ಬಂಗಾರದ ಬಣ್ಣವೂ ಹೋಯಿತು. ಕನ್ಸೆಪ್ಟಾ ಕೋಲೂರಿಕೊಂಡು ಬಂದು ನೋಡಿದಳು, ಏನೂ ಹೇಳಲಿಲ್ಲ. ಅಂದಿನಿಂದ ಹದಿನೆಂಟು ವರ್ಷ ಹೇಳಲೇ ಇಲ್ಲ. ಎದುರು ಬದುರು ಮನೆ, ಒಂದೇ ಪೂಜೆ, ಒಂದೇ ಬಸ್ಸು, ಮಾತಿಲ್ಲ. ಇಬ್ಬರಿಗೂ ಏನಾದರೂ ಹೇಳಬೇಕಾದರೆ ನಡುವೆ ನಾನಿದ್ದೆ.

ಇನ್ನು ಆ ಜನಗಣತಿಯ ವಿಚಾರ. ಪಟ್ಟಣದ ಗ್ರಂಥಾಲಯದಲ್ಲಿ ವಯಸ್ಸಾದವರಿಗೆ ಕಂಪ್ಯೂಟರ್ ಕಲಿಸುತ್ತೇವೆ ಎಂದು ಬೋರ್ಡು ಹಾಕಿದರು. ಕಲಿಸುವಾಕೆ ಫಿಡೆಲ್ಮಾ ಎಂಬ ತಾಳ್ಮೆಯ ಹೆಂಗಸು. ಮುದುಕರನ್ನು ಯಂತ್ರದ ಮುಂದೆ ಕೂರಿಸಬೇಕಾದರೆ ಸತ್ತವರನ್ನು ತೋರಿಸಬೇಕು ಎಂದು ಅವಳು ಕಂಡುಕೊಂಡಿದ್ದಳು. ಹಳೆಯ ಜನಗಣತಿಯ ಹಾಳೆಗಳೆಲ್ಲ ಅದರಲ್ಲಿ ಸಿಗುತ್ತವೆ. ಅಟ್ರಾಕ್ಟಾ ಮೊದಲ ದಿನವೇ ತನ್ನ ಮುತ್ತಜ್ಜನ ಮನೆ ತೆಗೆಸಿದಳು. ಸಾವಿರದ ಒಂಬೈನೂರ ಒಂದನೇ ಇಸವಿ, ಕ್ಲೂನ್‌ಶಾನ್, ಹುಲ್ಲಿನ ಮಾಡು, ಒಂದು ಹಸುವಿನ ಕೊಟ್ಟಿಗೆ, ಒಂದು ಹಂದಿಗೂಡು. ಮನೆಮಂದಿಯ ಹೆಸರುಗಳನ್ನು ಅವಳು ಬೆರಳಿಟ್ಟು ಓದಿದಳು. ಇವನು ಗೋರಿಯಲ್ಲಿದ್ದಾನೆ, ಇವಳು ಗೋರಿಯಲ್ಲಿದ್ದಾಳೆ, ಇವನು ಬಾಸ್ಟನ್ನಿನ ಗೋರಿಯಲ್ಲಿದ್ದಾನೆ, ಫೋಟೋ ಬಂದಿದೆ. ಕೊನೆಯ ಹೆಸರಿನ ಮೇಲೆ ಬೆರಳು ನಿಂತಿತು. ಹನೋರಾ, ಮಗಳು, ಹನ್ನೆರಡು ವರ್ಷ.

ಹನೋರಾ ಎಂಬ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. ನಮ್ಮಲ್ಲಿ ನವೆಂಬರ್ ಬಂದರೆ ಮನೆಯ ಸತ್ತವರ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಪೂಜಾಪೀಠದ ಮೇಲಿಡುತ್ತೇವೆ. ಅಟ್ರಾಕ್ಟಾ ಹುಡುಗಿಯಾಗಿದ್ದಾಗಿನಿಂದ ಆ ಚೀಟಿ ಬರೆದವಳು, ಅಪ್ಪ ಲ್ಯೂಕ್ ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು. ಅದರಲ್ಲಿ ಎಳೆಗೂಸುಗಳೂ ಇದ್ದವು, ಲಿವರ್‌ಪೂಲಿನಲ್ಲಿ ಜೈಲು ಕಂಡವನೂ ಇದ್ದ. ಹನೋರಾ ಇರಲಿಲ್ಲ. ವ್ಯಾನಿನಲ್ಲಿ ವಾಪಸು ಬರುವಾಗ ಅವಳು ಹೇಳಿದ್ದು ಒಂದೇ ಮಾತು.

"ನಮ್ಮ ಗೋರೀಲಿ ಒಬ್ಬಳು ಕಮ್ಮಿ ಇದಾಳೆ, ಫಿಂಟನ್."

ಇದು ಅವಳಿಗೆ ಎಂಥ ಪೆಟ್ಟು ಎಂದು ಬೇರೆಯವರಿಗೆ ತಿಳಿಯಲಾರದು. ಅವಳ ಇಡೀ ಬದುಕಿನ ಹೆಮ್ಮೆ ಅದೊಂದೇ: ನಮ್ಮವರು ಎಲ್ಲರೂ ಇದ್ದಲ್ಲಿ ಇದ್ದಾರೆ, ಎಲ್ಲರ ತಲೆಯ ಮೇಲೂ ಕಲ್ಲು ಬೆಳ್ಳಗಿದೆ. ಈಗ ಊರವರ ಗೋರಿಗಳ ತಪ್ಪು ಹುಡುಕುತ್ತ ಓಡಾಡಿದವಳ ಮನೆಯಲ್ಲೇ ಒಬ್ಬ ಹೆಣ್ಣುಮಗಳು ಎಲ್ಲಿ ಹೋದಳೆಂದು ಗೊತ್ತಿಲ್ಲ. ಬರುವ ಸಮಾಧಿ ಭಾನುವಾರದೊಳಗೆ ಅವಳನ್ನು ಹುಡುಕಿ ಹೆಸರು ಕೆತ್ತಿಸದಿದ್ದರೆ ನಾನು ಆ ಗೋರಿಯ ಬಳಿ ನಿಲ್ಲುವುದಿಲ್ಲ ಎಂದಳು. ಅವಳು ಹೇಳಿದರೆ ಹೇಳಿದಳು.

ಹನೋರಾ ಸತ್ತ ದಾಖಲೆ ಇಲ್ಲ, ಮದುವೆಯಾದ ದಾಖಲೆ ಇಲ್ಲ, ಹಡಗು ಹತ್ತಿದ ದಾಖಲೆ ಇಲ್ಲ. ವಯಸ್ಸಿನ ಮೇಲೆ ಹುಡುಕೋಣವೆಂದರೆ, ಆ ಕಾಲದವರ ವಯಸ್ಸನ್ನು ನಂಬುವ ಹಾಗಿಲ್ಲ. ಒಂದನೇ ಇಸವಿಯ ಮತ್ತು ಹನ್ನೊಂದನೇ ಇಸವಿಯ ಜನಗಣತಿಗಳ ನಡುವೆ ಸರಕಾರ ಎಪ್ಪತ್ತು ದಾಟಿದವರಿಗೆ ಪಿಂಚಣಿ ಶುರುಮಾಡಿತ್ತು. ಆ ಹತ್ತು ವರ್ಷಗಳಲ್ಲಿ ನಮ್ಮ ಊರಿನ ಮುದುಕರೆಲ್ಲ ಹದಿನೈದು ಇಪ್ಪತ್ತು ವರ್ಷ ದೊಡ್ಡವರಾಗಿದ್ದರು. ಕೊನೆಗೆ ಫಿಡೆಲ್ಮಾ ಮೆತ್ತಗೆ ಕೇಳಿದಳು.

"ಗುಡ್ಡದಲ್ಲಿ ನೋಡೋಣ್ವಾ ಮಿಸ್ ಬೇರ್ನ್?"

"ನಮ್ಮ ಮನೇಲಿ ಆ ಥರದೋರು ಯಾರೂ ಇರ್ಲಿಲ್ಲ."

"ಆ ಕುರ್ಚೀಲಿ ಕೂತೋರೆಲ್ಲ ಅದನ್ನೇ ಹೇಳ್ತಾರೆ," ಅಂದಳು ಫಿಡೆಲ್ಮಾ. "ನಾನೂ ಅದೇ ಕುರ್ಚೀಲಿ ಕೂತು ಹೇಳಿದ್ದೆ."

ಗುಡ್ಡ ಎಂದರೆ ಪಟ್ಟಣದ ಆಚೆ ಏರಿನ ಮೇಲಿದ್ದ ಹುಚ್ಚಾಸ್ಪತ್ರೆ. ಈಗ ಬೀಗ ಹಾಕಿದೆ, ಕಿಟಕಿಗಳಲ್ಲಿ ಕಾಗೆ ಗೂಡು ಕಟ್ಟಿವೆ. ಅದು ನಡೆಯುತ್ತಿದ್ದ ಕಾಲದಲ್ಲಿ ನಮ್ಮೂರಿನ ಅರ್ಧ ಜನ ಅಲ್ಲಿ ಕೆಲಸಕ್ಕಿದ್ದರು, ಇನ್ನರ್ಧ ಜನರ ಮನೆಯವರು ಯಾರಾದರೂ ಒಳಗಿದ್ದರು. ಎರಡೂ ಪಂಗಡದವರು ಬಾಯಿ ಬಿಡುತ್ತಿರಲಿಲ್ಲ. ಕನ್ಸೆಪ್ಟಾ ಬ್ರೆಹನಿಯೂ ಹರೆಯದಲ್ಲಿ ಅಲ್ಲಿ ನರ್ಸ್ ಆಗಿದ್ದವಳೇ.

ಹನ್ನೊಂದನೇ ಇಸವಿಯ ಜನಗಣತಿಯಲ್ಲಿ ಗುಡ್ಡದ ಹಾಳೆಗಳು ಸಿಕ್ಕವು. ಡಾಕ್ಟರನ ಹೆಸರು ಪೂರ್ತಿ ಇತ್ತು. ಅಡುಗೆಯವಳ ಹೆಸರು, ಕಾವಲಿನವನ ಹೆಸರು, ಅವನ ಮಕ್ಕಳ ಹೆಸರು ಪೂರ್ತಿ ಇದ್ದವು. ದನದ ಕೊಟ್ಟಿಗೆ ಎಷ್ಟು, ಹಂದಿಗೂಡು ಎಷ್ಟು, ಅದೂ ಇತ್ತು. ಒಳಗಿದ್ದ ರೋಗಿಗಳಿಗೆ ಮಾತ್ರ ಹೆಸರಿಲ್ಲ, ಹೆಸರಿನ ಮೊದಲಕ್ಷರ ಅಷ್ಟೇ. ಮನೆಯವರಿಗೆ ನಾಚಿಕೆಯಾಗದಿರಲಿ ಎಂದು ಹಾಗೆ ಬರೆಯುತ್ತಿದ್ದರಂತೆ. ಪುಟ ತಿರುಗಿಸುತ್ತ ತಿರುಗಿಸುತ್ತ ಒಂದು ಸಾಲು ಬಂತು: ಎಚ್. ಬಿ., ಹೆಣ್ಣು, ಕ್ಯಾಥೊಲಿಕ್, ಇಪ್ಪತ್ತನಾಲ್ಕು ವರ್ಷ, ರೈತನ ಮಗಳು, ಓದು ಬರಹ ಬಲ್ಲಳು, ಹುಟ್ಟಿದ್ದು ರಾಸ್ಕಾಮನ್.

ಅಟ್ರಾಕ್ಟಾ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಅಳುತ್ತಾಳೇನೋ ಎಂದು ನಾನು ಕರವಸ್ತ್ರ ತಡಕಿದೆ.

"ಎರಡು ವರ್ಷ ಜಾಸ್ತಿ ಬರ್ದಿದಾರೆ," ಅಂದಳು.

ಮುಂದಿನದು ಕಚೇರಿಯ ಕೆಲಸ. ಗುಡ್ಡದ ಹಳೆಯ ಕಡತಗಳು ಯಾವುದೋ ಇಲಾಖೆಯ ಗೋದಾಮಿನಲ್ಲಿದ್ದವು. ಅಲ್ಲಿನ ಗುಮಾಸ್ತ ಬಹಳ ಸಭ್ಯ ಮನುಷ್ಯ. ರೋಗಿಯ ವಿವರ ರಕ್ತಸಂಬಂಧಿಗಳಿಗೆ ಮಾತ್ರ ಕೊಡಬಹುದು ಎಂದ. ನಾನು ರಕ್ತಸಂಬಂಧಿಯೇ ಎಂದಳು ಅಟ್ರಾಕ್ಟಾ. ಹಾಗೆಂದು ಸಾಬೀತು ಮಾಡಬೇಕು ಎಂದ. ಹೇಗೆ ಎಂದಳು. ರೋಗಿಯ ವಿವರ ತಂದರೆ ಸಾಕು ಎಂದ. ಅವಳು ಅವನ ಟೈ ಮೇಲಿದ್ದ ಮೊಟ್ಟೆಯ ಕಲೆ ನೋಡುತ್ತ ಸ್ವಲ್ಪ ಹೊತ್ತು ಕುಳಿತು, ಎದ್ದು ಬಂದಳು.

ಬೇಸಿಗೆ ಬಂದೇ ಬಿಟ್ಟಿತು. ಅಟ್ರಾಕ್ಟಾ ಕಾಯುವವಳಲ್ಲ. ನೈಜೀರಿಯಾದಿಂದ ಬಂದಿದ್ದ ನಮ್ಮ ಫಾದರ್ ಒಬಿನ್ನಾ ಅವರಿಗೆ ಹೇಳಿ, ಬೇರ್ನ್ ಕುಟುಂಬದ ಕಲ್ಲಿನ ಮೇಲೆ ಹನೋರಾಳ ಹೆಸರು ಸೇರಿಸಲಾಗುವುದು ಎಂದು ಚರ್ಚಿನ ವಾರದ ಪತ್ರಿಕೆಯಲ್ಲಿ ಹಾಕಿಸಿದಳು. ಗುಡ್ಡದ ಸುದ್ದಿ ಅದರಲ್ಲಿರಲಿಲ್ಲ. ಆದರೆ ಗ್ರಂಥಾಲಯದಲ್ಲಿ ಕಂಪ್ಯೂಟರ್ ಕಲಿಯಲು ಬರುತ್ತಿದ್ದವರು ಇನ್ನೂ ಏಳು ಜನ ಇದ್ದರು, ಅವರಿಗೆಲ್ಲ ಕಣ್ಣಿತ್ತು. ಆ ಭಾನುವಾರ ಪೂಜೆ ಮುಗಿದು ಹೊರಗೆ ಬರುವಾಗ ಕನ್ಸೆಪ್ಟಾ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ನಿನ್ನ ಅತ್ತಿಗೆಗೆ ಹೇಳು, ಆ ಹೆಂಗಸಿನ ಹೆಸರು ಆ ಕಲ್ಲಿನ ಮೇಲೆ ಕೆತ್ತಿಸ್ಕೂಡದು ಅಂತ."

"ಯಾಕೆ?"

"ಯಾಕೆ ಅಂತ ಕೇಳೋಕೆ ನಿಂಗೆ ಹೇಳ್ಲಿಲ್ಲ. ಹೇಳೋಕೆ ಹೇಳ್ದೆ."

ಊರು ಬಿಡುತ್ತದೆಯೇ. ಬ್ರೆಹನಿಗಳ ಮನೆಯಲ್ಲೂ ಹಿಂದೆ ಹನ್ನಾ ಎಂಬವಳಿದ್ದಳು, ಮ್ಯಾಂಚೆಸ್ಟರಿಗೆ ಹೋದವಳು ಎಂದು ಹೇಳುತ್ತಿದ್ದರು. ಹನ್ನಾ ಬ್ರೆಹನಿ, ಅದೂ ಎಚ್. ಬಿ. ಹಾಗಾದರೆ ಮ್ಯಾಂಚೆಸ್ಟರ್ ಎಂದರೆ ಗುಡ್ಡವೇ ಎಂದು ಒಂದು ಪಂಗಡ ತೀರ್ಮಾನಿಸಿತು. ಇಲ್ಲ, ಅವಳು ಬೇರ್ನ್ ಹುಡುಗಿಯೇ ಎಂದು ಇನ್ನೊಂದು ಪಂಗಡ. ಪಬ್ಬಿನಲ್ಲಿ ಎರಡು ಮೇಜುಗಳಾದವು. ನೂರು ವರ್ಷ ಯಾರಿಗೂ ಬೇಡವಾಗಿದ್ದ ಹೆಣ್ಣು ಈಗ ಎರಡು ಮನೆಗೆ ಬೇಕಾಗಿದ್ದಳು. ನಾನು ಎರಡೂ ಮೇಜಿನಲ್ಲಿ ಕುಳಿತು ಕುಡಿದೆ, ಯಾರ ಪರವೂ ಮಾತಾಡಲಿಲ್ಲ.

ಅಟ್ರಾಕ್ಟಾ ಮಾತ್ರ ಉರಿದು ಬಿದ್ದಳು. "ಬ್ಲೀಚಿನ ಸೇಡು ಇದು. ಹದಿನೆಂಟು ವರ್ಷ ಬಾಯಿ ಮುಚ್ಕೊಂಡಿದ್ದು, ಈಗ ನಮ್ಮ ಮನೆ ಹೆಣ್ಣನ್ನ ಕಿತ್ಕೊಳೋಕೆ ಬಾಯಿ ಬಿಟ್ಲು ನೋಡು." ಆದರೆ ಒಳಗೆ ಅಳುಕೂ ಇತ್ತು. ತಪ್ಪು ಹೆಸರು ಕೆತ್ತಿಸಿದರೆ? ಯಾರದ್ದೋ ಹೆಣ್ಣನ್ನು ತಮ್ಮವಳೆಂದು ಪ್ರಾರ್ಥಿಸಿ, ತಮ್ಮವಳನ್ನು ಮತ್ತೆ ಎಲ್ಲೋ ಬಿಟ್ಟರೆ? ಕಲ್ಲು ಕೆತ್ತುವವನಿಗೆ ಬರಬೇಡ ಎಂದು ಹೇಳಿಕಳಿಸಿದಳು. ಮಾರನೆಯ ದಿನ ಇನ್ನೊಂದು ತೀರ್ಮಾನದೊಂದಿಗೆ ಬಂದಳು. ಗುಡ್ಡದ ಹಿಂದೆ ರೋಗಿಗಳನ್ನು ಹೂಳುತ್ತಿದ್ದ ಗದ್ದೆಯಿದೆ. ಕಲ್ಲುಗಳಿಲ್ಲ, ನಡುವೆ ಒಂದು ಶಿಲುಬೆ, ಸುತ್ತ ಹುಲ್ಲು. ಸಮಾಧಿ ಭಾನುವಾರ ತಾನು ಅಲ್ಲಿ ನಿಲ್ಲುತ್ತೇನೆ, ಬೇರ್ನ್ ಗೋರಿಯ ಬಳಿ ಯಾರೂ ನಿಲ್ಲುವುದು ಬೇಡ ಎಂದಳು.

"ಅಪ್ಪ ಅಮ್ಮನ ಗೋರಿ ಹತ್ರ ಯಾರೂ ಇಲ್ದೆ?" ಅಂದೆ.

"ಅವರ ಹತ್ರ ಪ್ರತಿ ವರ್ಷ ಯಾರಾದ್ರೂ ನಿಂತಿದಾರೆ. ಇವಳ ಹತ್ರ ಒಂದು ದಿನ ನಿಲ್ಬಾರ್ದಾ?"

ಅವಳು ಮೊಣಕಾಲುದ್ದ ಹುಲ್ಲಿನಲ್ಲಿ ನಿಲ್ಲಲು ಹೊರಟಿದ್ದಳು. ನನಗೆ ಆಗ ಭಯವಾಯಿತು. ಅದನ್ನು ಕನ್ಸೆಪ್ಟಾಳ ಬೇಲಿಯ ಬಳಿ ನಿಂತು ಹೇಳಿಯೂ ಹೇಳಿದೆ, ಯಾಕೆ ಹೇಳಿದೆನೋ ಗೊತ್ತಿಲ್ಲ, ಯಾರಿಗಾದರೂ ಹೇಳಬೇಕಾಗಿತ್ತು. ಕನ್ಸೆಪ್ಟಾ ಕೇಳಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶುಕ್ರವಾರ ಮಧ್ಯಾಹ್ನ ಅಟ್ರಾಕ್ಟಾ ನನ್ನ ಅಡುಗೆಮನೆಯಲ್ಲಿ ಕುಳಿತು ಭಾನುವಾರಕ್ಕೆ ಕೊಡೆ ಬೇಕೇ, ರಬ್ಬರ್ ಬೂಟು ಬೇಕೇ ಎಂದು ಲೆಕ್ಕ ಹಾಕುತ್ತಿದ್ದಳು. ಹಿಂಬಾಗಿಲು ತೆರೆಯಿತು. ಕನ್ಸೆಪ್ಟಾ ಕೋಲೂರಿಕೊಂಡು ಬಂದು ಮೇಜಿನ ಈ ತುದಿಯಲ್ಲಿ ಕುಳಿತಳು. ಆ ತುದಿಯಲ್ಲಿ ಅಟ್ರಾಕ್ಟಾ. ಇಬ್ಬರೂ ನನ್ನನ್ನೇ ನೋಡಿದರು.

"ಫಿಂಟನ್, ಭಾನುವಾರ ಆ ಗದ್ದೆಗೆ ಹೋಗೋದು ಬೇಡ ಅಂತ ಅವಳಿಗೆ ಹೇಳು."

"ಹೋಗೋದು ಬೇಡ್ವಂತೆ," ಅಂದೆ.

"ನಂಗೂ ಕಿವಿ ಇದೆ. ಯಾಕೆ ಅಂತ ಕೇಳು."

"ಯಾಕಂತೆ?"

"ಅಲ್ಲಿ ಅವಳಿಗೆ ಸೇರಿದೋರು ಯಾರೂ ಇಲ್ಲ ಅಂತ ಹೇಳು."

"ಹಾಗಾದ್ರೆ ಆ ಎಚ್. ಬಿ. ಅವರ ಮನೆ ಹನ್ನಾ ಅಂತ ಒಪ್ಕೋತಾಳಾ ಕೇಳು."

"ಹನ್ನಾ ಮ್ಯಾಂಚೆಸ್ಟರಲ್ಲೇ ಸತ್ತು ಅಲ್ಲೇ ಮಣ್ಣಾದ್ಲು. ಅಲ್ಲಿ ಮೂರು ಗಂಡಂದಿರನ್ನ ಮುಗ್ಸಿ ಹೋದ್ಲು, ಬೇಕಾದ್ರೆ ಫೋಟೋ ತೋರಿಸ್ತೀನಿ. ಆ ಕಾಗದದಲ್ಲಿರೋದು ಹನೋರಾ ಬೇರ್ನೇ ಅಂತ ಹೇಳು."

ನಾನು ಹೇಳಲಿಲ್ಲ. ಎದ್ದು ಕೆಟಲ್ಲಿಗೆ ನೀರು ತುಂಬಿದೆ. ಇಂಥ ಹೊತ್ತಿನಲ್ಲಿ ಗಂಡಸಿಗೆ ಮಾಡಲು ಅದೊಂದೇ ಕೆಲಸ ಇರುವುದು. ನನ್ನ ಬೆನ್ನ ಹಿಂದೆ ಅಟ್ರಾಕ್ಟಾಳ ದನಿ ಬಂತು.

"ನಿಂಗೆ ಹೇಗೆ ಗೊತ್ತು, ಕನ್ಸೆಪ್ಟಾ?"

ಹದಿನೆಂಟು ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು. ಇಬ್ಬರೂ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

"ನಾನು ಗುಡ್ಡದಲ್ಲಿ ಕೆಲ್ಸಕ್ಕೆ ಸೇರ್ದಾಗ ಹದಿನೆಂಟು ವರ್ಷ ನಂಗೆ. ಬಟ್ಟೆ ಒಗೆಯೋ ಮನೇಲಿದ್ಲು ಅವಳು. ಮೊದಲ ವಾರ ನಾನು ಹೆದರ್ಕೊಂಡು ಟೈಲ್ಸಿನ ಗೋಡೆ ಕಡೆ ತಿರುಗಿ ಅಳ್ತಿದ್ದೆ. ಹಿಂದಿಂದ ಬಂದು 'ಕ್ಲೂನ್‌ಶಾನ್ ಹುಡುಗೀನಾ ನೀನು, ಅಳೋ ರಾಗದಲ್ಲೇ ಗೊತ್ತಾಗುತ್ತೆ' ಅಂದ್ಲು. ಆಮೇಲೆ ದಿನಾ ಊರ ಸುದ್ದಿ ಕೇಳೋಳು. ಯಾರ ಹಸು ಕರು ಹಾಕ್ತು, ಯಾರ ಮಾಡು ಸೋರ್ತಿದೆ. ನಾನು ಮನೆಗೆ ಹೋಗಿ ಬಂದಾಗ್ಲೆಲ್ಲ ಸುದ್ದಿ ಹೊತ್ಕೊಂಡು ಹೋಗ್ಬೇಕಿತ್ತು, ಇಲ್ದಿದ್ರೆ ನನ್ನ ಏಪ್ರನ್ನಿಗೆ ಗಂಜಿ ಹಾಕ್ತಿರ್ಲಿಲ್ಲ."

"ಹುಚ್ಚಿತ್ತಾ ಅವಳಿಗೆ?"

"ನಿನಗಿಂತ ಕಮ್ಮಿ."

ಅಟ್ರಾಕ್ಟಾ ಅದನ್ನು ನುಂಗಿಕೊಂಡಳು. "ಮತ್ತೆ ಯಾಕೆ ಹಾಕಿದ್ರು?"

"ನಿಮ್ಮಜ್ಜಿ ಮದುವೆಯಾಗಿ ಬಂದ್ಲು. ಒಂದು ಒಲೆ, ಎರಡು ಹೆಂಗಸ್ರು. ಒಂದಿನ ಜಗಳದಲ್ಲಿ ಹನೋರಾ ಹಾಲಿನ ಪಾತ್ರೆ ಎತ್ತಿ 'ನಿನ್ನ ಸಾಯಿಸ್ತೀನಿ' ಅಂದ್ಲು. ಅಣ್ಣ ಸಹಿ ಹಾಕ್ದ. ಒಳಗೆ ಹಾಕೋಕೆ ಒಂದು ಸಹಿ, ಹೊರಗೆ ತರೋಕೆ ಇನ್ನೊಂದು ಸಹಿ. ಎರಡನೇದಕ್ಕೆ ಯಾರೂ ಬರ್ಲಿಲ್ಲ. ಅಷ್ಟೇ ಕಾಯಿಲೆ."

ಕೆಟಲ್ಲು ಕುದಿಯಿತು. ನಾನು ಮೂರು ಲೋಟಕ್ಕೆ ಚಹಾ ಹಾಕಿದೆ. ಅಟ್ರಾಕ್ಟಾ ತನ್ನದರಲ್ಲಿ ಸಕ್ಕರೆ ಕಲಕುತ್ತಲೇ ಇದ್ದಳು, ಅವಳು ಸಕ್ಕರೆ ಹಾಕಿಕೊಳ್ಳುವವಳಲ್ಲ.

"ನಾನು ಇದೀನಿ ಅಂತ ಅವಳಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ಬೇರ್ನ್ ಮನೆ ಹುಡುಗೀರು ಎಷ್ಟುದ್ದ ಆದ್ರು ಅಂತ ಗೋಡೆ ಮೇಲೆ ಕೈಯಿಟ್ಟು ತೋರಿಸ್ಬೇಕಿತ್ತು ನಾನು. ನಿಂಗೆ ಚರ್ಚಲ್ಲಿ ದೃಢೀಕರಣದ ಸಂಸ್ಕಾರ ಆದಾಗ ಹಾಕ್ಕೊಂಡಿದ್ದ ಕೋಟಿನ ಬಣ್ಣ ಕೇಳಿದ್ಲು. ನೀಲಿ ಅಂದೆ. ಯಾವ ನೀಲಿ ಅಂದ್ಲು."

"ಎಲ್ಲಿದಾಳೆ ಅವಳು?"

ಕನ್ಸೆಪ್ಟಾ ಚಹಾ ಕುಡಿದು ಮುಗಿಸಿದಳು, ಲೋಟ ಕೆಳಗಿಟ್ಟಳು. "ನಮ್ಮ ಗೋರೀಲಿ," ಅಂದಳು. "ನಮ್ಮಪ್ಪ ಅಮ್ಮ ಈಗ ಅವಳ ಪಕ್ಕ ಇದಾರೆ, ಅವಳಿರೋದು ಐವತ್ತೆಂಟರ ಫೆಬ್ರವರಿಯಿಂದ."

ಅವಳೇ ಮುಂದುವರಿಸಿದಳು. ಹನೋರಾ ನ್ಯುಮೋನಿಯಾದಿಂದ ಸತ್ತಾಗ ಬೇರ್ನ್ ಮನೆಗೆ ಹೇಳಿಕಳಿಸಿದ್ದರು, ಯಾರೂ ಬರಲಿಲ್ಲ. ಗದ್ದೆಗೆ ಒಯ್ಯುತ್ತಾರೆ ಎಂದು ಗೊತ್ತಾದಾಗ ಕನ್ಸೆಪ್ಟಾ ತನ್ನ ಅಪ್ಪನ ಮುಂದೆ ಕುಳಿತು ಅತ್ತಿದ್ದಳು. ಅವನು ಟೋಪಿ ಹಾಕಿಕೊಂಡು ರಸ್ತೆ ದಾಟಿ ಲ್ಯೂಕ್ ಬೇರ್ನನನ್ನು ಕೇಳಲು ಹೋದ.

"ನಮ್ಮಪ್ಪ ಏನಂದ?" ಅಂದಳು ಅಟ್ರಾಕ್ಟಾ.

"ಬಿಡು."

"ಏನಂದ ಹೇಳು."

"'ನೀವು ತಗೊಂಡೋಗಿ ಮಣ್ಣು ಮಾಡಿದ್ರೆ ನಿಮ್ಮ ಪುಣ್ಯ. ಆದ್ರೆ ಹೆಸರು ಹಾಕ್ಬೇಡಿ, ಬಾಯಿ ಬಿಡ್ಬೇಡಿ. ಮನೇಲಿ ಬೆಳೀತಿರೋ ಹೆಣ್ಣುಮಕ್ಕಳು ಎರಡಿವೆ. ನಾಳೆ ಅವರನ್ನ ಕೇಳ್ಕೊಂಡು ಬರೋರಿಗೆ ಗುಡ್ಡದ ವಾಸನೆ ಬಂದ್ರೆ ಬಾಗಿಲಿಂದಲೇ ವಾಪಸ್ ಹೋಗ್ತಾರೆ' ಅಂದ. ಅಳ್ತಾ ಅಂದ, ಅದನ್ನೂ ಹೇಳ್ಬೇಕು. ನಮ್ಮಪ್ಪ ಮಾತು ಕೊಟ್ಟ. ಅಮ್ಮನ ಕಡೆ ದೂರದ ನೆಂಟಳು ಅಂತ ಊರಿಗೆ ಹೇಳಿದ್ವಿ. ನಾನು ಆ ಮಾತು ಇಟ್ಕೊಂಡಿದ್ದೆ, ಇವತ್ತಿನವರೆಗೂ. ಅವಳಿಲ್ಲದ ಕಲ್ಲಿನ ಮೇಲೆ ಅವಳ ಹೆಸರು ಕೆತ್ತಿಸೋದನ್ನ ನೋಡ್ಕೊಂಡು ಸುಮ್ನಿರೋಕೂ ಆಗ್ಲಿಲ್ಲ, ನೀನು ಆ ಗದ್ದೇಲಿ ಒಬ್ಬಳೇ ನಿಂತು ಯಾರಿಗೋ ಪ್ರಾರ್ಥನೆ ಮಾಡೋದನ್ನೂ ನೋಡೋಕಾಗಲ್ಲ."

"ನನ್ನ ಮದುವೆಗೋಸ್ಕರ," ಅಂದಳು ಅಟ್ರಾಕ್ಟಾ.

"ನಿನ್ನದೂ, ಡಿಂಪ್ನಾದೂ."

"ನಾನು ಮದುವೇನೇ ಆಗ್ಲಿಲ್ವಲ್ಲ."

ಕನ್ಸೆಪ್ಟಾ ಖಾಲಿ ಲೋಟವನ್ನು ನನ್ನ ಕಡೆ ಸರಿಸಿದಳು. ನಾನು ಆ ಮನೆಗೆ ಹೆಣ್ಣು ಕೇಳಿಕೊಂಡು ಹೋದವನು. ನನ್ನ ತಾಯಿ ಇಡೀ ಊರಿನ ವಂಶಗಳನ್ನು ಬೆರಳ ತುದಿಯಲ್ಲಿಟ್ಟುಕೊಂಡಿದ್ದವಳು, ಯಾರ ಮನೆಯಲ್ಲಿ ಕ್ಷಯ, ಯಾರ ಮನೆಯಲ್ಲಿ ಗುಡ್ಡ ಎಂದು ತಿಳಿಯದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಗೊತ್ತಾಗಿದ್ದರೆ ಅವಳು ಖಂಡಿತ ಬೇಡ ಎನ್ನುತ್ತಿದ್ದಳು. ಲ್ಯೂಕ್ ಹೆದರಿದ್ದು ಸುಮ್ಮನೆ ಅಲ್ಲ. ಡಿಂಪ್ನಾಳ ಜೊತೆ ನಾನು ಬಾಳಿದ ಅಷ್ಟೂ ವರ್ಷ, ಅವಳ ನಗು, ಅವಳ ಕೈಯಡುಗೆ, ನಮ್ಮ ಮಕ್ಕಳು, ಎಲ್ಲವೂ ಆ ಮುದುಕಿಯ ಹೆಸರು ಮುಚ್ಚಿಟ್ಟಿದ್ದರಿಂದ ನನಗೆ ಸಿಕ್ಕಿದ್ದು ಎಂದು ಆಗ ಅರ್ಥವಾಯಿತು. ಲೋಟಗಳನ್ನು ಎತ್ತಿಕೊಂಡು ಹೋಗಿ ತೊಳೆಯುತ್ತ ನಿಂತೆ.

ಶನಿವಾರ ಅಟ್ರಾಕ್ಟಾ ಎಂದಿನಂತೆ ಬೇರ್ನ್ ಗೋರಿಯ ಕಲ್ಲು ತಿಕ್ಕಿದಳು. ಅಪ್ಪನ ಹೆಸರಿನ ಮೇಲೆ ಎಂದಿಗಿಂತ ಜೋರಾಗಿ ತಿಕ್ಕಿದಳೆಂದು ನನಗನ್ನಿಸಿತು, ನಾನು ಅದನ್ನು ಯಾರಿಗೂ ಹೇಳಿಲ್ಲ. ಮನೆಗೆ ಬಿಡುವಾಗ, "ನಾಳೆ ನಮ್ಮ ಗೋರಿ ಹತ್ರ ನೀನು ನಿಂತ್ಕೊ" ಎಂದಳು. ಡಿಂಪ್ನಾ ಇರುವುದು ನಮ್ಮ ಮನೆಯವರ ಗೋರಿಯಲ್ಲಿ. ಅಲ್ಲಿ ಮಗನನ್ನು ನಿಲ್ಲಿಸಿ ನಾನು ಇಲ್ಲಿ ನಿಲ್ಲುವುದೆಂದು ಆಯಿತು.

ಭಾನುವಾರ ಮೋಡವಿತ್ತು, ಮಳೆ ಬರಲಿಲ್ಲ. ಸ್ಮಶಾನದ ತುಂಬ ಜನ. ನನ್ನ ಮೊಮ್ಮಗಳು ಈಫಾ ತನಗೆ ನಿಶ್ಚಯವಾಗಿದ್ದ ಹುಡುಗನನ್ನು ಕರೆದುಕೊಂಡು ಗಾಲ್ವೇಯಿಂದ ಬಂದಿದ್ದಳು. ಸೆಪ್ಟೆಂಬರಿನಲ್ಲಿ ಮದುವೆ. ಹುಡುಗ ಎತ್ತರದ ಆಳು, ಟೈ ಕಟ್ಟಿಕೊಳ್ಳಲು ಬಾರದವನು. ತಾತ ಒಬ್ಬರೇ ನಿಂತಿದ್ದಾರೆಂದು ಇಬ್ಬರೂ ಬಂದು ಬೇರ್ನ್ ಗೋರಿಯ ಬಳಿ ನನ್ನ ಪಕ್ಕ ನಿಂತರು. ಅಟ್ರಾಕ್ಟಾ ನೀಲಿ ಕೋಟು ಹಾಕಿಕೊಂಡು ಗೇಟಿನೊಳಗೆ ಬಂದಳು. ನಮ್ಮನ್ನು ದಾಟಿಕೊಂಡು ಹೋದಳು. ಸಾಲಿಗೆ ಸಾಲೇ ತಲೆ ತಿರುಗಿಸಿತು. ಅವಳು ನೆಟ್ಟಗೆ ಹೋಗಿ ಗೋಡೆಯ ಬದಿಯ ಬ್ರೆಹನಿ ಗೋರಿಯ ಬಳಿ ನಿಂತಳು. ಕನ್ಸೆಪ್ಟಾ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಒಂದು ಹೆಜ್ಜೆ ಸರಿದು ಜಾಗ ಕೊಟ್ಟಳು.

ಫಾದರ್ ಒಬಿನ್ನಾ ತೀರ್ಥದ ಬಕೆಟ್ಟು ಹಿಡಿದು ಸಾಲು ಮುಗಿಸಿ ಅಲ್ಲಿಗೆ ಬಂದರು. ಅವರ ಕೊರಳಪಟ್ಟಿಗೆ ಮೈಕು ಸಿಕ್ಕಿಸಿತ್ತು, ಗೇಟಿನ ಕಂಬದ ಮೇಲೆ ಸ್ಪೀಕರು. ಅವರು ಉಸಿರೆಳೆದರೂ ಊರಿಗೆಲ್ಲ ಕೇಳುತ್ತಿತ್ತು.

"ಮಿಸ್ ಬೇರ್ನ್, ನೀವು ಈ ಗೋರಿ ಹತ್ರ?"

ಮೈಕು ಇರುವುದು ಅಟ್ರಾಕ್ಟಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಒಂದು ಹೆಜ್ಜೆ ಹತ್ತಿರ ಹೋದಳು.

"ನಮ್ಮವಳೊಬ್ಬಳು ಇಲ್ಲಿದಾಳೆ ಫಾದರ್. ಹನೋರಾ ಬೇರ್ನ್, ನಮ್ಮಜ್ಜನ ತಂಗಿ. ನಲವತ್ತೇಳು ವರ್ಷ ಗುಡ್ಡದಲ್ಲಿದ್ಲು. ಹುಚ್ಚಿರ್ಲಿಲ್ಲ. ಕರ್ಕೊಂಡು ಬರೋಕೆ ನಾವು ಹೋಗ್ಲಿಲ್ಲ. ಬ್ರೆಹನಿಯವರು ತಂದು ಮಣ್ಣು ಮಾಡಿದ್ರು."

ಸ್ಪೀಕರಿನಿಂದ ಆ ಮಾತುಗಳು ಗೋಡೆಗೆ ಬಡಿದು ಇನ್ನೊಮ್ಮೆ ಕೇಳಿಸಿದವು. ಫಾದರ್ ಒಬಿನ್ನಾ, "ಹನೋರಾ" ಎಂದು ನಿಧಾನವಾಗಿ ಹೆಸರು ಹೇಳಿ, ಬಕೆಟ್ಟಿನಲ್ಲಿ ಬ್ರಷ್ಷು ಅದ್ದಿ, ಎಲ್ಲರಿಗಿಂತ ಹೆಚ್ಚಾಗಿಯೇ ತೀರ್ಥ ಹಾಕಿದರು. ಅಟ್ರಾಕ್ಟಾಳ ನೀಲಿ ಕೋಟೂ ಒದ್ದೆಯಾಯಿತು. ಅವಳು ಒರೆಸಿಕೊಳ್ಳಲಿಲ್ಲ.

ನಾನು ಪಕ್ಕದಲ್ಲಿದ್ದ ಹುಡುಗನ ಮುಖ ನೋಡಿದೆ. ಲ್ಯೂಕ್ ಬೇರ್ನ್ ತನ್ನ ಜೀವಮಾನವಿಡೀ ಹೆದರಿದ್ದು ಮನೆಯ ಹೆಣ್ಣನ್ನು ಕೇಳಿಕೊಂಡು ಬರುವ ಇಂಥವನೊಬ್ಬನಿಗೆ. ಎಲ್ಲವನ್ನೂ ಅವನು ಸರಿಯಾಗಿ ಕೇಳಿಸಿಕೊಂಡಿದ್ದ. ಅವನು ಈಫಾಳ ಕೈ ಹಿಡಿದುಕೊಂಡೇ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ.

"ತಾತ, ಇದು ಮುಗಿದ್ಮೇಲೆ ಊಟ ಎಲ್ಲಿ?"

"ಅಟ್ರಾಕ್ಟಾ ಮನೇಲಿ," ಅಂದೆ. ಅವನ ಟೈ ವಾರೆಯಾಗಿತ್ತು, ಹಿಡಿದು ನೆಟ್ಟಗೆ ಮಾಡಿದೆ.